ಕೈಗವಸು ಹೊಲಿಯುವವನ ಮಗ ನಾಟಕ ಬರೆಯಬಾರದೇ?



ಒಂದು ದಿನ ಹತ್ತನೆಯ ತರಗತಿಯಲ್ಲಿ ಕುವೆಂಪು ಅವರ ನಾಟಕಗಳ ವಿಷಯ ಬಂತು. ಅವರ ‘ಬಿರುಗಾಳಿ’ ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದ ರೂಪಾಂತರ, ‘ರಕ್ತಾಕ್ಷಿ’ ನಾಟಕಕ್ಕೆ ‘ಹ್ಯಾಮ್ಲೆಟ್’ ಮೂಲ ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಶೇಕ್ಸ್‌ಪಿಯರ್ ನಾಟಕಗಳನ್ನು ಶೇಕ್ಸ್‌ಪಿಯರ್ ಬರೆದೇ ಇಲ್ಲವಂತೆ, ಹೌದಾ?” ಎಂದು ಕೇಳಿದ. ತರಗತಿಯಲ್ಲಿ ನಗು ಎದ್ದಿತು. “ಹಾಗಾದರೆ ಯಾರು ಬರೆದದ್ದು?” ಎಂದು ಕೇಳಿದೆ. “ಯಾರೋ ದೊಡ್ಡ ಮನುಷ್ಯರು, ಟೀಚರ್. ಅವನು ಬರೀ ಹಳ್ಳಿಯವನಂತೆ, ಕಾಲೇಜಿಗೂ ಹೋಗಿರಲಿಲ್ಲವಂತೆ” ಎಂದ.

ಆ ಹುಡುಗ ಕೇಳಿದ್ದರಲ್ಲಿ ತಪ್ಪಿಲ್ಲ. ಇದು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದ ಚರ್ಚೆ. ಪ್ರಸಿದ್ಧರೂ ವಿದ್ಯಾವಂತರೂ ಇದರಲ್ಲಿ ಸೇರಿಕೊಂಡಿದ್ದಾರೆ. ಆದರೆ ಅವನ ಉತ್ತರದ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಹಳ್ಳಿಯವನು, ಕಾಲೇಜಿಗೆ ಹೋಗದವನು, ಆದ್ದರಿಂದ ಬರೆದಿರಲಾರ ಎಂಬ ಆ ಮಾತನ್ನು ಕುರಿತು ಈ ಲೇಖನ. ಇದರಲ್ಲಿ ನನ್ನದೇ ಒಂದು ತಪ್ಪನ್ನೂ ಹೇಳಿಕೊಳ್ಳಬೇಕಾಗಿದೆ.

ಸಂಶಯ ಪಡುವವರ ವಾದವೇನು?

ಮೊದಲು ಅವರ ಮಾತನ್ನು ನ್ಯಾಯವಾಗಿ ಕೇಳೋಣ. ವಿಲಿಯಂ ಶೇಕ್ಸ್‌ಪಿಯರ್ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಎಂಬ ಸಣ್ಣ ಪೇಟೆಯವನು. ಅಲ್ಲಿನ ಚರ್ಚಿನಲ್ಲಿ 1564ರ ಏಪ್ರಿಲ್ 26ರಂದು ಅವನಿಗೆ ದೀಕ್ಷಾಸ್ನಾನ ಮಾಡಿಸಿದ ದಾಖಲೆ ಇದೆ. ತಂದೆ ಜಾನ್ ಶೇಕ್ಸ್‌ಪಿಯರನ ಕಸುಬು ಚರ್ಮದ ಕೈಗವಸು ಹೊಲಿದು ಮಾರುವುದು. ಮಗ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಲಿಲ್ಲ. ಹದಿನೆಂಟನೆಯ ವಯಸ್ಸಿಗೇ ಮದುವೆಯಾಯಿತು, ಇಪ್ಪತ್ತೊಂದು ತುಂಬುವಷ್ಟರಲ್ಲಿ ಮೂರು ಮಕ್ಕಳ ತಂದೆಯಾದ.

ಅವನ ಕೈಬರಹವೆಂದು ಎಲ್ಲರೂ ಒಪ್ಪುವುದು ಆರು ಸಹಿಗಳನ್ನು ಮಾತ್ರ. ಆ ಆರರಲ್ಲೂ ಹೆಸರಿನ ಅಕ್ಷರಗಳು ಒಂದೇ ರೀತಿ ಇಲ್ಲ. ಅವನು ಬರೆದ ಒಂದು ಪತ್ರವೂ ಸಿಕ್ಕಿಲ್ಲ. ಅವನ ಉಯಿಲಿನಲ್ಲಿ ಹಾಸಿಗೆ ಮಂಚದ ಪ್ರಸ್ತಾಪ ಇದೆ, ಪುಸ್ತಕಗಳ ಮಾತಿಲ್ಲ. ಮಗಳು ಜೂಡಿತ್ ಒಂದು ದಸ್ತಾವೇಜಿಗೆ ಹೆಸರು ಬರೆಯದೆ ಗುರುತು ಹಾಕಿದ್ದಾಳೆ. ಇಂಥವನಿಗೆ ಅರಮನೆಯ ರೀತಿನೀತಿ, ಕಾನೂನಿನ ಮಾತು, ಇಟಲಿಯ ಊರುಗಳು, ರೋಮಿನ ಇತಿಹಾಸ ಇವೆಲ್ಲ ಎಲ್ಲಿಂದ ತಿಳಿದವು? ಇದು ಅವರ ಪ್ರಶ್ನೆ.

ಅಮೆರಿಕದ ಡೀಲಿಯಾ ಬೇಕನ್ ಎಂಬ ಮಹಿಳೆ 1857ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದು, ಈ ನಾಟಕಗಳ ಹಿಂದೆ ಫ್ರಾನ್ಸಿಸ್ ಬೇಕನ್ ಮುಂತಾದ ಪಂಡಿತರ ಗುಂಪೊಂದಿತ್ತು ಎಂದು ವಾದಿಸಿದರು. ಆಕೆಯೂ ನನ್ನಂತೆ ಪಾಠ ಹೇಳಿಕೊಡುತ್ತಿದ್ದವರು. ಆಮೇಲೆ 1888ರಲ್ಲಿ ಇಗ್ನೇಷಿಯಸ್ ಡಾನೆಲಿ ಎಂಬವರು ನಾಟಕಗಳ ಒಳಗೆ ಬೇಕನ್ ಗುಪ್ತಲಿಪಿ ಅಡಗಿಸಿಟ್ಟಿದ್ದಾನೆ ಎಂದರು. 1909ರಲ್ಲಿ ಪ್ರಸಿದ್ಧ ಲೇಖಕ ಮಾರ್ಕ್ ಟ್ವೈನ್ ಕೂಡ ಸಂಶಯ ವ್ಯಕ್ತಪಡಿಸಿ ಪುಸ್ತಕ ಬರೆದರು. 1920ರಲ್ಲಿ ಇಂಗ್ಲೆಂಡಿನ ಶಾಲಾ ಉಪಾಧ್ಯಾಯ ಥಾಮಸ್ ಲೂನಿ, ನಿಜವಾದ ಕವಿ ಆಕ್ಸ್‌ಫರ್ಡಿನ 17ನೆಯ ಅರ್ಲ್ ಎಡ್ವರ್ಡ್ ಡಿ ವಿಯರ್ ಎಂದು ಬರೆದರು. ಮನಶ್ಶಾಸ್ತ್ರಜ್ಞ ಫ್ರಾಯ್ಡ್ ಈ ವಾದವನ್ನು ನಂಬಿದರು. ಕ್ರಿಸ್ಟಫರ್ ಮಾರ್ಲೋ ಎಂಬ ನಾಟಕಕಾರ ಸತ್ತಂತೆ ನಟಿಸಿ ಮರೆಯಲ್ಲಿದ್ದು ಬರೆದ ಎಂದು ಇನ್ನು ಕೆಲವರು ಹೇಳಿದರು. 2007ರಲ್ಲಿ ಡೆರೆಕ್ ಜೇಕಬಿ, ಮಾರ್ಕ್ ರೈಲನ್ಸ್‌ರಂಥ ಹೆಸರಾಂತ ನಟರೇ ಸಂಶಯದ ಹೇಳಿಕೆಯೊಂದರ ಪರವಾಗಿ ನಿಂತರು. 2011ರಲ್ಲಿ ‘ಅನಾನಿಮಸ್’ ಎಂಬ ಸಿನಿಮಾ ಬಂದು, ಅರ್ಲನ ಕತೆಯನ್ನು ಲೋಕಕ್ಕೆಲ್ಲ ತೋರಿಸಿತು. ನಮ್ಮ ಹುಡುಗನ ಕಿವಿಗೂ ಇದು ಹೀಗೇ ಯಾವುದೋ ದಾರಿಯಿಂದ ಬಿದ್ದಿರಬೇಕು.

ದಾಖಲೆಗಳು ಏನು ಹೇಳುತ್ತವೆ?

ನಮ್ಮಲ್ಲಿ ಒಂದು ಗಾದೆ ಇದೆ: ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು. ಆದ್ದರಿಂದ ಪ್ರಮಾಣಗಳನ್ನು ನೋಡೋಣ.

1593ರಲ್ಲಿ ಲಂಡನ್ನಿನಲ್ಲಿ ಒಂದು ಕಾವ್ಯ ಅಚ್ಚಾಯಿತು. ಅದರ ಅರ್ಪಣೆಯ ಕೆಳಗೆ ವಿಲಿಯಂ ಶೇಕ್ಸ್‌ಪಿಯರ್ ಎಂಬ ಹೆಸರಿದೆ. ಅದನ್ನು ಅಚ್ಚು ಹಾಕಿದ ರಿಚರ್ಡ್ ಫೀಲ್ಡ್ ಸ್ಟ್ರಾಟ್‌ಫರ್ಡಿನವನೇ, ಚರ್ಮ ಹದ ಮಾಡುವವನ ಮಗ. ಎರಡೂ ಮನೆಯವರಿಗೆ ಪರಿಚಯವಿತ್ತು. 1595ರ ಅರಮನೆಯ ಲೆಕ್ಕದಲ್ಲಿ, ಹಿಂದಿನ ಡಿಸೆಂಬರಿನಲ್ಲಿ ರಾಣಿಯ ಮುಂದೆ ನಾಟಕವಾಡಿದ್ದಕ್ಕೆ ಹಣ ಪಡೆದವರಲ್ಲಿ ಶೇಕ್ಸ್‌ಪಿಯರನ ಹೆಸರಿದೆ, ಜೊತೆಗೆ ನಟ ರಿಚರ್ಡ್ ಬರ್ಬೇಜ್ ಇದ್ದಾನೆ. 1598ರಲ್ಲಿ ಫ್ರಾನ್ಸಿಸ್ ಮೀರ್ಸ್ ಎಂಬ ಲೇಖಕ ಶೇಕ್ಸ್‌ಪಿಯರನ ಹನ್ನೆರಡು ನಾಟಕಗಳನ್ನು ಹೆಸರಿಸಿ ಹೊಗಳಿದ್ದಾನೆ. ಅದೇ ವರ್ಷದಿಂದ ನಾಟಕಗಳ ಮುಖಪುಟದಲ್ಲೂ ಅವನ ಹೆಸರು ಅಚ್ಚಾಗತೊಡಗಿತು.

ಶೇಕ್ಸ್‌ಪಿಯರ್ 1616ರ ಏಪ್ರಿಲ್ 23ರಂದು ತೀರಿಕೊಂಡ. ಸ್ಟ್ರಾಟ್‌ಫರ್ಡಿನ ಮನುಷ್ಯ ಬೇರೆ, ಲಂಡನ್ನಿನ ನಾಟಕಕಾರ ಬೇರೆ ಎನ್ನುವವರು ಅವನ ಉಯಿಲನ್ನು ಪೂರ್ತಿ ಓದಬೇಕು. ಅದರಲ್ಲಿ ತನ್ನ ಜೊತೆಯ ನಟರಾದ ಬರ್ಬೇಜ್, ಹೆಮಿಂಜಸ್, ಕಾಂಡೆಲ್ ಎಂಬ ಮೂವರಿಗೆ ನೆನಪಿನ ಉಂಗುರ ಕೊಳ್ಳಲು ಹಣ ಬಿಟ್ಟಿದ್ದಾನೆ. ಅವರಲ್ಲಿ ಹೆಮಿಂಜಸ್ ಮತ್ತು ಕಾಂಡೆಲ್ 1623ರಲ್ಲಿ ಅವನ 36 ನಾಟಕಗಳನ್ನು ಒಟ್ಟುಮಾಡಿ ದೊಡ್ಡ ಸಂಪುಟವಾಗಿ ಅಚ್ಚು ಹಾಕಿಸಿದರು. ಅದರಲ್ಲಿ 18 ನಾಟಕಗಳು ಅಲ್ಲಿಯವರೆಗೆ ಅಚ್ಚಾಗಿರಲೇ ಇಲ್ಲ. ಆ ಸಂಪುಟ ಬಾರದಿದ್ದರೆ ‘ಮ್ಯಾಕ್‌ಬೆತ್’, ‘ಟೆಂಪೆಸ್ಟ್’, ‘ಜೂಲಿಯಸ್ ಸೀಸರ್’ ನಮ್ಮ ಕೈಗೆ ಸಿಗುತ್ತಿದ್ದವೋ ಇಲ್ಲವೋ. ಅದೇ ಸಂಪುಟದ ಆರಂಭದ ಪದ್ಯದಲ್ಲಿ ನಾಟಕಕಾರ ಬೆನ್ ಜಾನ್ಸನ್, ಸ್ಟ್ರಾಟ್‌ಫರ್ಡಿನಲ್ಲಿ ಹರಿಯುವ ಏವನ್ ನದಿಯ ಹಂಸಕ್ಕೆ ಇವನನ್ನು ಹೋಲಿಸಿದ್ದಾನೆ. ಇನ್ನೊಬ್ಬ ಕವಿ ಸ್ಟ್ರಾಟ್‌ಫರ್ಡಿನಲ್ಲಿರುವ ಇವನ ಸ್ಮಾರಕವನ್ನು ನೆನೆದಿದ್ದಾನೆ.

ಬೆನ್ ಜಾನ್ಸನ್ ಸುಮ್ಮನೆ ಹೊಗಳುವವನಲ್ಲ. ಅವನ ನಾಟಕದಲ್ಲಿ ಶೇಕ್ಸ್‌ಪಿಯರ್ 1598ರಲ್ಲಿ ಪಾತ್ರ ಮಾಡಿದ್ದ. ಇಬ್ಬರೂ ಗೆಳೆಯರು, ಪ್ರತಿಸ್ಪರ್ಧಿಗಳು. ಶೇಕ್ಸ್‌ಪಿಯರ್ ಬರೆದದ್ದನ್ನು ತಿದ್ದುವುದಿಲ್ಲ ಎಂದು ಅವನು ಆಕ್ಷೇಪಿಸಿದ್ದೂ ಉಂಟು. ಬರೆದವನು ಬೇರೆಯಾಗಿದ್ದರೆ ಇಂಥವನ ಬಾಯಿ ಸುಮ್ಮನಿರುತ್ತಿತ್ತೇ?

ಇನ್ನು ಕೈಬರಹ ಏಕಿಲ್ಲ ಎಂಬ ಪ್ರಶ್ನೆ. ಆ ಕಾಲದಲ್ಲಿ ನಾಟಕದ ಹಸ್ತಪ್ರತಿ ನಾಟಕ ಮಂಡಳಿಯ ಸೊತ್ತು. ಆಡಿ ಮುಗಿದ ಮೇಲೆ ಅದನ್ನು ಜೋಪಾನ ಮಾಡುವ ಪದ್ಧತಿ ಇರಲಿಲ್ಲ. ಆ ಕಾಲದ ಬೇರೆ ನಾಟಕಕಾರರ ಹಸ್ತಪ್ರತಿಗಳು ಉಳಿದಿರುವುದೂ ಬಹಳ ಅಪರೂಪ. ಸಹಿಯಲ್ಲಿ ಅಕ್ಷರ ಬದಲಾಗಿದೆಯಲ್ಲ ಎಂದರೆ, ಆಗ ಇಂಗ್ಲಿಷಿನಲ್ಲಿ ಕಾಗುಣಿತ ಇನ್ನೂ ಖಚಿತವಾಗಿರಲಿಲ್ಲ. ಎಲ್ಲರೂ ತಮಗೆ ತೋಚಿದಂತೆ ಬರೆಯುತ್ತಿದ್ದರು. ನಮ್ಮ ತರಗತಿಯಲ್ಲಿ ಈಗಲೂ ಕೆಲವರು ಹಾಗೆಯೇ ಬರೆಯುತ್ತಾರೆ, ಅದು ಬೇರೆ ಮಾತು.

ಬೇರೆ ಹೆಸರುಗಳನ್ನೂ ಪರೀಕ್ಷಿಸೋಣ. ಆಕ್ಸ್‌ಫರ್ಡಿನ ಅರ್ಲ್ ಸತ್ತದ್ದು 1604ರಲ್ಲಿ. ‘ಟೆಂಪೆಸ್ಟ್’ ನಾಟಕದ ಬಿರುಗಾಳಿಗೆ ಪ್ರೇರಣೆ ಎಂದು ವಿದ್ವಾಂಸರು ತೋರಿಸುವುದು 1609ರಲ್ಲಿ ಬರ್ಮುಡಾ ದ್ವೀಪದ ಬಳಿ ಒಡೆದ ಹಡಗಿನ ವರದಿಗಳನ್ನು. ಆ ನಾಟಕ 1611ರಲ್ಲಿ ಅರಮನೆಯಲ್ಲಿ ಪ್ರದರ್ಶನವಾಯಿತು. 1613ರಲ್ಲಿ ‘ಎಂಟನೆಯ ಹೆನ್ರಿ’ ಆಡುತ್ತಿರುವಾಗ ಗ್ಲೋಬ್ ರಂಗಮಂದಿರಕ್ಕೆ ಬೆಂಕಿ ಬಿತ್ತು. ಅದು ಹೊಸ ನಾಟಕ ಎಂದು ಆ ಕಾಲದವರೇ ಬರೆದಿದ್ದಾರೆ. ಸತ್ತವನು ಹೊಸ ನಾಟಕ ಬರೆಯಲಾರ. ಮಾರ್ಲೋ 1593ರಲ್ಲಿ ಜಗಳವೊಂದರಲ್ಲಿ ಇರಿತದಿಂದ ಸತ್ತ. ಅವನ ಶವ ಪರೀಕ್ಷಿಸಿದ ವಿಚಾರಣೆಯ ವರದಿ ಸಿಕ್ಕಿ 1925ರಲ್ಲಿ ಪ್ರಕಟವಾಗಿದೆ. ಬೇಕನ್ನನ ಗುಪ್ತಲಿಪಿಯ ಮಾತನ್ನು ಫ್ರೀಡ್‌ಮನ್ ದಂಪತಿಗಳು ಪರೀಕ್ಷಿಸಿದರು. ಅಮೆರಿಕ ಸರಕಾರಕ್ಕಾಗಿ ಶತ್ರುಗಳ ಗುಪ್ತಸಂದೇಶಗಳನ್ನು ಬಿಡಿಸಿದ ಪರಿಣತರು ಅವರು. 1957ರ ತಮ್ಮ ಪುಸ್ತಕದಲ್ಲಿ, ನಾಟಕಗಳಲ್ಲಿ ಅಂಥ ಯಾವ ಗುಪ್ತಲಿಪಿಯೂ ಇಲ್ಲ ಎಂದು ತೀರ್ಪು ಕೊಟ್ಟರು.

ಇಷ್ಟೆಲ್ಲ ಕಲಿತದ್ದು ಎಲ್ಲಿ?

ಹಳ್ಳಿಯವನು, ಓದದವನು ಎಂಬುದೂ ಅರ್ಧ ಸತ್ಯ. ಜಾನ್ ಶೇಕ್ಸ್‌ಪಿಯರ್ ಕೈಗವಸಿನ ಕಸುಬಿನವನಾದರೂ 1568ರಲ್ಲಿ ಊರಿನ ಆಡಳಿತದ ಮುಖ್ಯಸ್ಥನಾಗಿದ್ದ. ಊರಿನಲ್ಲಿ ಒಳ್ಳೆಯ ಗ್ರಾಮರ್ ಶಾಲೆ ಇತ್ತು, ಅಂಥವರ ಮಕ್ಕಳಿಗೆ ಅಲ್ಲಿ ಪ್ರವೇಶವಿತ್ತು. ಆ ಕಾಲದ ಹಾಜರಿ ಪುಸ್ತಕ ಉಳಿದಿಲ್ಲ. ಆದರೆ ಅಂಥ ಶಾಲೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಲ್ಯಾಟಿನ್ ಭಾಷೆ, ಓವಿಡ್‌ನಂಥ ಕವಿಗಳು, ಭಾಷಣ ಕಲೆ ಇವನ್ನೇ ಕಲಿಸುತ್ತಿದ್ದರು. ಒಬ್ಬ ಬುದ್ಧಿವಂತ ಹುಡುಗನಿಗೆ ಅಷ್ಟು ಅಡಿಪಾಯ ಸಾಕು.

ಉಳಿದದ್ದನ್ನು ಅವನು ಪುಸ್ತಕಗಳಿಂದ ಪಡೆದ. ಇಂಗ್ಲೆಂಡಿನ ರಾಜರ ಕತೆಗೆ ಹಾಲಿನ್‌ಷೆಡ್‌ನ ಇತಿಹಾಸ ಗ್ರಂಥ, ರೋಮಿನ ಕತೆಗೆ ಥಾಮಸ್ ನಾರ್ತ್ ಇಂಗ್ಲಿಷಿಗೆ ತಂದ ಪ್ಲೂಟಾರ್ಕನ ಜೀವನಚರಿತ್ರೆಗಳು. ಯಾವ ನಾಟಕಕ್ಕೆ ಯಾವ ಪುಸ್ತಕ ಆಧಾರ ಎಂಬುದನ್ನು ಪುಟಪುಟವಾಗಿ ಹೋಲಿಸಿ ತೋರಿಸಬಹುದು. ಇಪ್ಪತ್ತು ವರ್ಷ ನಾಟಕ ಮಂಡಳಿಯಲ್ಲಿ ನಟನಾಗಿ, ಪಾಲುದಾರನಾಗಿ ದುಡಿದವನಿಗೆ ಅರಮನೆಯೂ ಗೊತ್ತಿತ್ತು, ಛತ್ರವೂ ಗೊತ್ತಿತ್ತು. ಅವನ ತಪ್ಪುಗಳೂ ಇದನ್ನೇ ಹೇಳುತ್ತವೆ. ಪ್ರಾಚೀನ ರೋಮಿನಲ್ಲಿ ಗಂಟೆ ಹೊಡೆಯುವ ಗಡಿಯಾರ ಇಟ್ಟ. ಸಮುದ್ರವೇ ಇಲ್ಲದ ಬೊಹೀಮಿಯಾ ದೇಶಕ್ಕೆ ಕಡಲತೀರ ಕೊಟ್ಟ.

ಇನ್ನೊಂದು ಮಾತು. ಮಾರ್ಲೋ ಚಪ್ಪಲಿ ಹೊಲಿಯುವವನ ಮಗ, ವಿದ್ಯಾರ್ಥಿವೇತನದಿಂದ ಕೇಂಬ್ರಿಜ್ ಸೇರಿದವನು. ಬೆನ್ ಜಾನ್ಸನ್‌ನ ಮಲತಂದೆ ಇಟ್ಟಿಗೆ ಕಟ್ಟುವ ಗಾರೆಯವನು. ಜಾನ್ಸನ್ನನೂ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದವನಲ್ಲ, ಆದರೂ ಆ ಕಾಲದ ಮಹಾ ಪಂಡಿತ ಎನಿಸಿಕೊಂಡ. ಅಂದರೆ ಇಂಗ್ಲಿಷ್ ರಂಗಭೂಮಿಯನ್ನು ಕಟ್ಟಿದವರಲ್ಲಿ ಕಸುಬುದಾರರ ಮಕ್ಕಳು ಬಹಳ ಮಂದಿ. ಅವರೊಳಗೆ ಶೇಕ್ಸ್‌ಪಿಯರ್ ಒಬ್ಬ ಅಪವಾದವಲ್ಲ.

ಒಳ್ಳೆಯ ಸಂಶಯವೂ ಉಂಟು

ಹಾಗೆಂದು ಎಲ್ಲ ಸಂಶಯವೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಶೇಕ್ಸ್‌ಪಿಯರನ ಹೆಸರಿನ ಎಲ್ಲ ನಾಟಕಗಳನ್ನೂ ಅವನೊಬ್ಬನೇ ಬರೆದದ್ದಲ್ಲ ಎಂದು ವಿದ್ವಾಂಸರೇ ತೋರಿಸಿದ್ದಾರೆ. ‘ಎಂಟನೆಯ ಹೆನ್ರಿ’ಯಲ್ಲಿ ಜಾನ್ ಫ್ಲೆಚರನ ಕೈ ಇದೆ. ‘ಟೈಮನ್’ ನಾಟಕದಲ್ಲಿ ಥಾಮಸ್ ಮಿಡಲ್‌ಟನ್, ‘ಟೈಟಸ್’ ನಾಟಕದಲ್ಲಿ ಜಾರ್ಜ್ ಪೀಲ್ ಪಾಲು ಹೊಂದಿದ್ದಾರೆ. ‘ಆರನೆಯ ಹೆನ್ರಿ’ ನಾಟಕಗಳಿಗೆ ಮಾರ್ಲೋನನ್ನು ಸಹಲೇಖಕನೆಂದು 2016ರ ಆಕ್ಸ್‌ಫರ್ಡ್ ಆವೃತ್ತಿ ಹೆಸರಿಸಿದೆ. ಇದನ್ನು ಎಲ್ಲರೂ ಒಪ್ಪಿಲ್ಲ, ಚರ್ಚೆ ನಡೆಯುತ್ತಿದೆ. ಆದರೆ ಈ ಸಂಶಯ ಹುಟ್ಟಿದ್ದು ಪುಟಗಳನ್ನು ಓದುವುದರಿಂದ. ಪದಗಳ ಬಳಕೆ, ಛಂದಸ್ಸು, ಪ್ರಾಸ, ವಾಕ್ಯದ ಅಭ್ಯಾಸ ಇವನ್ನು ಲೆಕ್ಕ ಹಾಕಿ ಹೇಳಿದ ಮಾತು ಅದು. ಲೇಖಕನ ಅಪ್ಪನ ಕಸುಬು ಯಾವುದೆಂದು ಅಲ್ಲಿ ಯಾರೂ ಕೇಳಲಿಲ್ಲ.

ಕನ್ನಡ ಓದುವ ಮಕ್ಕಳಿಗೆ ಇದಕ್ಕೆ ಹತ್ತಿರದ ಉದಾಹರಣೆ ಇದೆ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’, ಸುಮಾರು ಕ್ರಿ.ಶ. 850ರದ್ದು. ಅದನ್ನು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೇ ಬರೆದ ಎಂದು ಬಹುಕಾಲ ಹೇಳುತ್ತಿದ್ದರು. ಗ್ರಂಥದ ಒಳಗೇ ಇದು ನೃಪತುಂಗನ ಅನುಮತಿ ಪಡೆದದ್ದು ಎಂಬ ಅರ್ಥದ ಮಾತಿದೆ. ಆ ಒಳಗಿನ ಆಧಾರಗಳನ್ನು ಹಿಡಿದು ವಿದ್ವಾಂಸರು, ಬರೆದವನು ಆಸ್ಥಾನದ ಶ್ರೀವಿಜಯ ಎಂಬ ಕವಿ ಎನ್ನುತ್ತಾರೆ. ಈಗ ಹೆಚ್ಚಿನವರು ಇದನ್ನೇ ಒಪ್ಪಿದ್ದಾರೆ. ಇಲ್ಲಿ ಕೀರ್ತಿ ಚಕ್ರವರ್ತಿಯಿಂದ ಕವಿಗೆ ಬಂತು. ಶೇಕ್ಸ್‌ಪಿಯರನ ವಿಷಯದಲ್ಲಿ ಸಂಶಯದವರು ಕವಿಯಿಂದ ಕಿತ್ತು ದೊಡ್ಡ ಮನೆತನದವರಿಗೆ ಕೊಡಲು ಹೊರಟಿದ್ದಾರೆ.

ನಾವೂ ಇದರಲ್ಲಿ ಪೂರ್ತಿ ನಿರಪರಾಧಿಗಳಲ್ಲ. ಕಾಳಿದಾಸನ ಕತೆ ನಿಮಗೆಲ್ಲ ಗೊತ್ತು. ಡಾ. ರಾಜ್‌ಕುಮಾರ್ ಅಭಿನಯದ ‘ಕವಿರತ್ನ ಕಾಳಿದಾಸ’ ಸಿನಿಮಾವನ್ನು ನಿಮ್ಮ ಮನೆಯ ಹಿರಿಯರು ಎಷ್ಟು ಸಲ ನೋಡಿದ್ದಾರೋ! ಏನೂ ಅರಿಯದ ಕುರುಬನಿಗೆ ಕಾಳಿಮಾತೆ ಒಲಿದಳು, ಕೂಡಲೇ ಅವನ ಬಾಯಲ್ಲಿ ಕಾವ್ಯ ಬಂತು. ಕತೆ ಸೊಗಸಾಗಿದೆ, ನನಗೂ ಇಷ್ಟ. ಆದರೆ ಯೋಚಿಸಿ ನೋಡಿ. ಸಾಮಾನ್ಯನೊಬ್ಬ ಮಹಾಕಾವ್ಯ ಬರೆದ ಎಂದರೆ ನಾವು ದೇವಿಯನ್ನು ಕರೆತರುತ್ತೇವೆ, ಅಲ್ಲಿನವರು ಅರ್ಲನನ್ನು ಕರೆತರುತ್ತಾರೆ. ದೀಪದ ಬೆಳಕಿನಲ್ಲಿ ಕುಳಿತು ವರ್ಷಗಟ್ಟಲೆ ಓದಿ, ಬರೆದು, ಹರಿದು, ಮತ್ತೆ ಬರೆದ ಮನುಷ್ಯ ಎರಡು ಕತೆಗಳಲ್ಲೂ ಕಾಣುವುದಿಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎನ್ನುವ ಮಾತು ಮನುಷ್ಯರಿಗೂ ಅನ್ವಯಿಸುತ್ತದೆ.

ನಾನು ಮಾಡಿದ ತಪ್ಪು

ಇನ್ನು ನನ್ನ ಮಾತು. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ‘ನಮ್ಮೂರಿನ ಮಳೆಗಾಲ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದ್ದೆ. ಒಳ್ಳೆಯದನ್ನು ವಾರ್ಷಿಕ ಸಂಚಿಕೆಗೆ ಆರಿಸುವುದಾಗಿ ಹೇಳಿದ್ದೆ. ಒಬ್ಬ ಹುಡುಗ ತಂದ ಪ್ರಬಂಧ ಓದಿ ಬೆರಗಾದೆ. ಗದ್ದೆಯ ಅಂಚಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಿಂತ ಅಜ್ಜ, ಗೊರಬು ಸೂಡಿ ನಾಟಿ ಮಾಡುವ ಹೆಂಗಸರು, ಒಲೆಯ ಮೇಲೆ ಒಣಗುತ್ತಿರುವ ಬಟ್ಟೆಯ ಹೊಗೆ ವಾಸನೆ ಎಲ್ಲ ಅದರಲ್ಲಿತ್ತು. ಅವನು ಹುಟ್ಟಿ ಬೆಳೆದದ್ದು ಈ ಮರಳುಗಾಡಿನಲ್ಲಿ. ಪರೀಕ್ಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಐವತ್ತರ ಆಸುಪಾಸಿನ ಅಂಕ. ತಂದೆ ತರಕಾರಿ ಅಂಗಡಿಯೊಂದರ ಪಿಕಪ್ ಓಡಿಸುವವರು. ನಾನು ಇಡೀ ತರಗತಿಯ ಮುಂದೆ, “ಇದನ್ನು ಯಾರು ಬರೆದುಕೊಟ್ಟರು?” ಎಂದು ಕೇಳಿದೆ. ಅವನು, “ನಾನೇ, ಟೀಚರ್” ಎಂದ. “ಗೊರಬು ಎಂದರೇನೆಂದು ನಿನಗೆ ಹೇಗೆ ಗೊತ್ತು?” ಎಂದು ಕೇಳಿದೆ. ನನ್ನ ದನಿ ಕೇಳಿಯೇ ಅವನು ತಲೆ ತಗ್ಗಿಸಿದ, ಮತ್ತೆ ಮಾತಾಡಲಿಲ್ಲ. ಸುಮ್ಮನಿದ್ದುದನ್ನೇ ತಪ್ಪೊಪ್ಪಿಗೆ ಎಂದು ತಿಳಿದು ಆ ಪ್ರಬಂಧವನ್ನು ಬದಿಗಿಟ್ಟೆ.

ಅದೇ ವಾರ ಇನ್ನೊಬ್ಬ ಹುಡುಗಿಯ ಪ್ರಬಂಧವೂ ಬಹಳ ಚೆನ್ನಾಗಿ ಬಂದಿತ್ತು. ಅವಳ ತಂದೆತಾಯಿ ಇಬ್ಬರೂ ವೈದ್ಯರು. ಅದರ ಕೆಳಗೆ ‘ಶಹಬ್ಬಾಸ್’ ಎಂದು ಬರೆದೆ. ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈ ವ್ಯತ್ಯಾಸ ಆಗ ನನ್ನ ಗಮನಕ್ಕೇ ಬರಲಿಲ್ಲ.

ತಿಂಗಳ ನಂತರ ಪೇರೆಂಟ್ಸ್ ಮೀಟಿಂಗಿಗೆ ಹುಡುಗನ ತಂದೆ ಬಂದರು. ಕೆಲಸದ ಬಟ್ಟೆಯಲ್ಲೇ ಇದ್ದರು. ಕೈಯಲ್ಲಿ ಮಗನ ರಫ್ ನೋಟ್‌ಬುಕ್ ಇತ್ತು. “ಟೀಚರ್, ನನಗೆ ಕನ್ನಡ ಬರೆಯಲು ಅಷ್ಟು ಬರುವುದಿಲ್ಲ, ಏಳನೇ ಕ್ಲಾಸಿಗೇ ಬಿಟ್ಟವನು. ಇದನ್ನು ಸ್ವಲ್ಪ ನೋಡಿ” ಎಂದಷ್ಟೇ ಹೇಳಿದರು. ಪುಸ್ತಕದಲ್ಲಿ ಆರೇಳು ಪುಟ ಅದೇ ಪ್ರಬಂಧ. ಗೀಚಿದ್ದು, ಹೊಡೆದು ಹಾಕಿದ್ದು, ಬಾಣ ಎಳೆದು ಸೇರಿಸಿದ್ದು. ಒಂದು ಪುಟದ ಬದಿಯಲ್ಲಿ ‘ಅಜ್ಜಿಗೆ ಕೇಳಬೇಕು’ ಎಂದು ಬರೆದು, ಕೆಳಗೆ ಹತ್ತು ಹನ್ನೆರಡು ಪದಗಳ ಪಟ್ಟಿ. ಪ್ರತಿ ಶುಕ್ರವಾರ ಊರಿನ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಅವನು ಈ ಪದಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡಿದ್ದ. ಗೊರಬು ಆ ಪಟ್ಟಿಯಲ್ಲಿತ್ತು.

ಅಷ್ಟರಲ್ಲಿ ಸಂಚಿಕೆಯ ಪುಟಗಳು ಪ್ರೆಸ್ಸಿಗೆ ಹೋಗಿದ್ದವು. ಮರುದಿನ ತರಗತಿಯಲ್ಲಿ ಎಲ್ಲರ ಮುಂದೆ ಅವನ ಕ್ಷಮೆ ಕೇಳಿದೆ. ಅವನು “ಪರವಾಗಿಲ್ಲ, ಟೀಚರ್” ಎಂದ. ಆದರೆ ಆಮೇಲೆ ಅವನು ನನ್ನ ಬಳಿ ಬರೆದು ತಂದದ್ದೆಲ್ಲ ಕೇಳಿದಷ್ಟೇ, ಹತ್ತು ಸಾಲು ಎಂದರೆ ಹತ್ತೇ ಸಾಲು. ಅದು ನನ್ನ ಶಿಕ್ಷಕ ಜೀವನದಲ್ಲಿ ನಾನು ಮಾಡಿದ ದೊಡ್ಡ ನಷ್ಟ ಎಂದು ಈಗಲೂ ಅನ್ನಿಸುತ್ತದೆ.

ಡೀಲಿಯಾ ಬೇಕನ್ ಮತ್ತು ಥಾಮಸ್ ಲೂನಿ ಶೇಕ್ಸ್‌ಪಿಯರನಿಗೆ ಕೇಳಿದ ಪ್ರಶ್ನೆಯನ್ನೇ ನಾನು ಆ ಹುಡುಗನಿಗೆ ಕೇಳಿದ್ದೆ. ಇಂಥ ಮನೆಯವನಿಗೆ ಇದು ಹೇಗೆ ಗೊತ್ತು? ಉತ್ತರವೂ ಒಂದೇ ಬಗೆಯದು. ಅವನು ಪ್ಲೂಟಾರ್ಕನನ್ನು ಓದಿದ, ಇವನು ಅಜ್ಜಿಯನ್ನು ಕೇಳಿದ. ಶೇಕ್ಸ್‌ಪಿಯರನಿಗೆ ನಮ್ಮ ಸಂಶಯದಿಂದ ಈಗ ಏನೂ ಆಗಬೇಕಾಗಿಲ್ಲ, ಸತ್ತು ನಾಲ್ಕು ನೂರು ವರ್ಷ ದಾಟಿದೆ. ಹದಿಮೂರು ವರ್ಷದ ಹುಡುಗನಿಗೆ ಆಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು?

ಮೋಸ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಂಚಿಕೆಗೆ ಬರುವ ಬರಹಗಳಲ್ಲಿ ಅಮ್ಮನ ಕೈ, ಅಪ್ಪನ ಕೈ ಕಾಣುವುದುಂಟು. ಅಂತರ್ಜಾಲದಿಂದ ಹಾಗೆಯೇ ಇಳಿಸಿಕೊಂಡದ್ದೂ ಉಂಟು. ಈಗಂತೂ ಕೇಳಿದರೆ ಕಂಪ್ಯೂಟರೇ ಪ್ರಬಂಧ ಬರೆದುಕೊಡುತ್ತದೆ, ಕನ್ನಡದಲ್ಲೂ. ಆದ್ದರಿಂದ ‘ಇದನ್ನು ಬರೆದವರು ಯಾರು?’ ಎಂಬ ಪ್ರಶ್ನೆ ಮುಂದೆ ಇನ್ನೂ ಹೆಚ್ಚಾಗಿ ಬರಲಿದೆ. ಹಾಗಿರುವಾಗ ಅದನ್ನು ಸರಿಯಾಗಿ ಕೇಳುವುದನ್ನು ನಾವೆಲ್ಲ ಕಲಿಯಬೇಕು.

ಶಿಕ್ಷಕರಾದ ನಾವು ಕೇಳುವುದಾದರೆ ಎಲ್ಲರನ್ನೂ ಒಂದೇ ರೀತಿ ಕೇಳೋಣ, ಮಗುವನ್ನು ಹತ್ತಿರ ಕರೆದು ಕೇಳೋಣ. ಮನೆ ನೋಡಿ ಮಣೆ ಹಾಕುವುದು ಬೇಡ. ಈಗ ನಾನು ಎಲ್ಲ ಮಕ್ಕಳಿಂದಲೂ ಪ್ರಬಂಧದ ಜೊತೆಗೆ ಅದರ ಕರಡು ಪುಟಗಳನ್ನೂ ತರಿಸುತ್ತೇನೆ. ಡಾಕ್ಟರ ಮಗಳೂ ತರಬೇಕು, ಡ್ರೈವರ ಮಗನೂ ತರಬೇಕು. ಬರೆದದ್ದರ ಬಗ್ಗೆ ಎರಡು ನಿಮಿಷ ಮಾತಾಡಿಸುತ್ತೇನೆ. ತಾನೇ ಬರೆದ ಮಗು ಆ ಎರಡು ನಿಮಿಷವನ್ನು ಹತ್ತು ನಿಮಿಷ ಮಾಡುತ್ತದೆ.

ಪಾಲಕರಲ್ಲಿ ನನ್ನದೊಂದು ವಿನಂತಿ. ಮಗುವಿಗೆ ಕತೆ ಹೇಳಿ, ಪದ ಹೇಳಿಕೊಡಿ, ಪುಸ್ತಕ ತಂದುಕೊಡಿ. ಪೆನ್ನು ಮಾತ್ರ ಅವರ ಕೈಯಲ್ಲೇ ಇರಲಿ. ನೀವು ಬರೆದುಕೊಟ್ಟ ಸುಂದರ ವಾಕ್ಯಕ್ಕಿಂತ ಮಗುವಿನ ಸೊಟ್ಟ ವಾಕ್ಯ ನಮಗೆ ಹೆಚ್ಚು ಬೇಕು. ‘ನಮಗೆ ಅಷ್ಟು ಓದಿಲ್ಲ, ನಮ್ಮ ಮಕ್ಕಳು ಏನು ಬರೆದಾರು’ ಎಂದು ಹಿಂಜರಿಯುವವರಿಗೂ ಒಂದು ಮಾತು. ಜಾನ್ ಶೇಕ್ಸ್‌ಪಿಯರ್ ದಸ್ತಾವೇಜುಗಳಿಗೆ ಹೆಸರು ಬರೆಯದೆ ಗುರುತು ಹಾಕುತ್ತಿದ್ದ. ಅವನಿಗೆ ಬರೆಯಲು ಬರುತ್ತಿತ್ತೋ ಇಲ್ಲವೋ, ಮಗ ಬರೆದ.

ವಿದ್ಯಾರ್ಥಿಗಳೇ, ನಿಮ್ಮ ಕರಡುಗಳನ್ನು ಹರಿದು ಬಿಸಾಡಬೇಡಿ. ಹೊಡೆದು ಹಾಕಿದ ಸಾಲುಗಳೇ ನಿಮ್ಮ ಸಾಕ್ಷಿ. ಯಾರಾದರೂ ಸಹಾಯ ಮಾಡಿದ್ದರೆ ಅವರ ಹೆಸರು ಬರೆಯಿರಿ, ಅದರಲ್ಲಿ ಅವಮಾನವಿಲ್ಲ. ಶೇಕ್ಸ್‌ಪಿಯರನಿಗೂ ಫ್ಲೆಚರನ ಸಹಾಯ ಇತ್ತು. ದೊಡ್ಡವರ ಮಾತೇ ಆಗಲಿ, ಸಿನಿಮಾದ ಮಾತೇ ಆಗಲಿ, ‘ಇದಕ್ಕೆ ಆಧಾರ ಏನು?’ ಎಂದು ಕೇಳುವ ಧೈರ್ಯ ಇರಲಿ.

ಆ ದಿನ ಹತ್ತನೆಯ ತರಗತಿಯಲ್ಲಿ ಗಂಟೆ ಬಾರಿಸುವ ಮೊದಲು ಆ ಹುಡುಗನಿಗೆ ಈ ದಾಖಲೆಗಳಲ್ಲಿ ಕೆಲವನ್ನು ಹೇಳಿದೆ. ಶೇಕ್ಸ್‌ಪಿಯರನ ನಾಟಕಗಳನ್ನು ಬರೆದವನು ಸ್ಟ್ರಾಟ್‌ಫರ್ಡಿನ ಶೇಕ್ಸ್‌ಪಿಯರನೇ, ಕೆಲವು ಕಡೆ ಗೆಳೆಯರ ಕೈ ಸೇರಿದೆ, ಅಷ್ಟೇ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಟೀಚರ್, ಕಾಲೇಜಿಗೆ ಹೋಗದಿದ್ದರೂ ಆಗುತ್ತದಾ?” ಎಂದು ಕೇಳಿದ. ತರಗತಿ ಮತ್ತೆ ನಕ್ಕಿತು. “ಹೋಗುವ ಅವಕಾಶ ಇರುವ ನೀನು ಹೋಗು. ಇಲ್ಲದವನು ಬರೆದರೆ ನಂಬು” ಎಂದು ಹೇಳಿ ಪಾಠ ಮುಂದುವರಿಸಿದೆ.